ಮೊದಲ ತ್ಸುಬಾ ಕೊಳ್ಳಬೇಕೆಂದಿದ್ದೇನೆ, ತಿಳಿದವರು ದಾರಿ ತೋರಿಸಿ

ಹಾರಂಗಿ (ನಗೋಯಾ)

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ನಗೋಯಾಕ್ಕೆ ಬಂದು ಹದಿನಾಲ್ಕು ತಿಂಗಳಾಯಿತು. ಹೋದ ತಿಂಗಳು ಇಲ್ಲಿನ ತೊಕುಗಾವಾ ಕಲಾ ಸಂಗ್ರಹಾಲಯಕ್ಕೆ ಹೋಗಿದ್ದೆ. ಜನರೆಲ್ಲ ಅಲಗುಗಳ ಮುಂದೆ ಸಾಲುಗಟ್ಟಿ ನಿಂತಿದ್ದರು. ನನ್ನ ಮನಸ್ಸು ಮಾತ್ರ ಹಿಡಿಗೂ ಅಲಗಿಗೂ ನಡುವೆ ಕೂರುವ ತಡೆಬಿಲ್ಲೆಯ ಮೇಲೆ, ಅಂದರೆ ತ್ಸುಬಾದ ಮೇಲೆ ಹೋಯಿತು. ಅಂಗೈಗಿಂತ ಚಿಕ್ಕದಾದ ಲೋಹದ ತುಂಡಿನಲ್ಲಿ ಇಷ್ಟೆಲ್ಲ ಮಾಡಬಹುದೇ ಎಂದು ಅಂದಿನಿಂದ ತಲೆಯಲ್ಲಿ ಅದೇ ಸುತ್ತುತ್ತಿದೆ. ಅದಾದ ಮೇಲೆ ಮೂರು ಹಳೆಯ ಸಾಮಾನಿನ ಅಂಗಡಿಗಳನ್ನು ಸುತ್ತಿದ್ದೇನೆ.

ಈಗ ನನ್ನ ಮುಂದೆ ಮೂರು ಆಯ್ಕೆಗಳಿವೆ. ಒಂದು, ಸಂತೆಯಲ್ಲಿ ನೋಡಿದ ಕಬ್ಬಿಣದ ತ್ಸುಬಾ. ಯುದ್ಧ ಮಾಡುವ ಚೀನೀ ವೀರರು, ಅಲ್ಲಲ್ಲಿ ಚಿನ್ನದ ಚುಕ್ಕೆಗಳು, ಸೋತೆನ್ ಎಂಬ ಹೆಸರಿನ ಕೆತ್ತನೆ, 35,000 ಯೆನ್. ಎರಡು, ಹರಾಜಿನಲ್ಲಿ ಹತ್ತು ತ್ಸುಬಾಗಳ ಕಟ್ಟು, ಒಟ್ಟು 40,000 ಯೆನ್. ಮೂರು, ಒಂದು ಹಳೆಯ ಅಂಗಡಿಯಲ್ಲಿ ಹೆಸರು ಕೆತ್ತಿರದ ಕಬ್ಬಿಣದ ತ್ಸುಬಾ, ಹಾರುವ ಕಾಡುಬಾತುಗಳನ್ನು ಜಾಲರಿಯಾಗಿ ಕೊರೆದದ್ದು, ಸಾಚಾ ಎಂದು ಹೇಳುವ ಹೋಜೋನ್ ಪ್ರಮಾಣಪತ್ರದ ಸಮೇತ 70,000 ಯೆನ್. ನನ್ನ ಕೈಯಲ್ಲಿ ಇರುವುದು ಅಷ್ಟೇ ಹಣ. ಹತ್ತು ಬಂದರೆ ಹತ್ತರಿಂದ ಕಲಿಯಬಹುದಲ್ಲವೇ ಎಂದು ಒಂದು ಮನಸ್ಸು ಹೇಳುತ್ತದೆ. ನೀವೇನು ಹೇಳುತ್ತೀರಿ?

ಹಳೆ ಕಬ್ಬಿಣ (ಬೆಂಗಳೂರು)

ಹತ್ತರ ಕಟ್ಟನ್ನು ಮರೆತುಬಿಡಿ. ಸೋತೆನ್ ಕಡೆ ಕೈ ಚಾಚಬೇಡಿ. ಮೂರನೆಯದನ್ನು ಇನ್ನೆರಡು ಸಲ ಹೋಗಿ ನೋಡಿ, ಆಮೇಲೆ ಕೊಳ್ಳಿ.

ಕಾರಣ ಹೇಳುತ್ತೇನೆ. ಒಸಾಕಾದಲ್ಲಿ ಏಳು ವರ್ಷ ಇದ್ದೆ, ಮೊದಲ ವರ್ಷವೇ ಇಂಥದ್ದೊಂದು ಕಟ್ಟು ಕೊಂಡೆ. ಹನ್ನೆರಡರಲ್ಲಿ ಒಂಬತ್ತು ಎರಕ ಹೊಯ್ದವು. ಅವುಗಳಿಂದ ನಾನು ಏನೂ ಕಲಿಯಲಿಲ್ಲ, ಏಕೆಂದರೆ ಒಳ್ಳೆಯದು ಹೇಗಿರುತ್ತದೆ ಎಂದು ಅವು ಹೇಳಲಾರವು. ಕೆಟ್ಟದ್ದನ್ನು ಹತ್ತು ವರ್ಷ ನೋಡಿದರೂ ಕಣ್ಣು ಬೆಳೆಯುವುದಿಲ್ಲ. ಒಂದು ಸಾಚಾ ತ್ಸುಬಾವನ್ನು ದಿನಾ ಸಂಜೆ ಹತ್ತು ನಿಮಿಷ ಕೈಯಲ್ಲಿ ಹಿಡಿದು ನೋಡಿ, ಆರು ತಿಂಗಳಲ್ಲಿ ಕಣ್ಣು ತಾನಾಗಿ ತೆರೆಯುತ್ತದೆ.

ಸೋತೆನ್ ವಿಷಯ: ಹಿಕೋನೆ ಊರಿನ ಶೈಲಿ ಅದು. ಕಿಕ್ಕಿರಿದ ಆಕೃತಿಗಳು, ಜಾಲರಿ, ಮೇಲೆ ಚಿನ್ನ ಬೆಳ್ಳಿಯ ಕುಂದಣ. ಎಷ್ಟು ಜನಪ್ರಿಯವಾಯಿತೆಂದರೆ ಆ ಹೆಸರನ್ನು ಬೇರೆ ಊರುಗಳಲ್ಲಿ ಯಾರು ಯಾರೋ ಕೆತ್ತಿಕೊಂಡರು. ಹೆಸರಿದ್ದರೆ ಬೆಲೆ ಹೆಚ್ಚು ಎಂದು ಹೊಸಬರು ತಿಳಿಯುತ್ತಾರೆ. ಸುಳ್ಳು ಹೆಸರಿಗೆ ಜಪಾನೀಯರಲ್ಲಿ ಗಿಮೆಯ್ ಎಂಬ ಪದವೇ ಇದೆ, ಹೆಸರಿಲ್ಲದ್ದಕ್ಕೆ ಮುಮೆಯ್. ಹಳೆಯ ಜಾಲರಿ ತ್ಸುಬಾಗಳಲ್ಲಿ ಬಹುಪಾಲು ಮುಮೆಯ್. ಅದು ಕೊರತೆಯಲ್ಲ.

ನೀವಿರುವುದು ನಗೋಯಾ. ಅದು ಹಳೆಯ ಓವಾರಿ ಪ್ರಾಂತ್ಯ. ಓವಾರಿ ಜಾಲರಿ ತ್ಸುಬಾದ ಗಟ್ಟಿತನ, ಅದರ ಸಮತೂಕದ ವಿನ್ಯಾಸ ಬೇರೆ ಎಲ್ಲೂ ಇಲ್ಲ. ಅಂಚನ್ನು ದೀಪಕ್ಕೆ ಓರೆಯಾಗಿ ಹಿಡಿದು ನೋಡಿ. ಕಬ್ಬಿಣದಲ್ಲಿ ಗಂಟುಗಂಟಾಗಿ ಮೂಳೆಯಂತೆ ಉಬ್ಬಿದ್ದರೆ ಅದನ್ನು ತೆಕ್ಕೊತ್ಸು ಎನ್ನುತ್ತಾರೆ. ಗಡಸು ಮತ್ತು ಮೆದು ಕಬ್ಬಿಣ ಒಟ್ಟಿಗೆ ಬಡಿಸಿಕೊಂಡಾಗ ಮೂಡುವ ಗುರುತು. ಒಮ್ಮೆ ಬೆರಳಿಗೆ ಸಿಕ್ಕರೆ ಆಮೇಲೆ ಮರೆಯುವುದಿಲ್ಲ.

ಮೈಸೂರು ಮಂದಾರ

ವಿಷಯಕ್ಕೆ ಹೊಸಬಳು ನಾನು. ತ್ಸುಬಾ ಇರುವುದು ಎದುರಾಳಿಯ ಏಟು ತಡೆಯುವುದಕ್ಕೋ?

ಹಳೆ ಕಬ್ಬಿಣ (ಬೆಂಗಳೂರು)

ಮುಖ್ಯವಾಗಿ ತನ್ನದೇ ಕೈ ಅಲಗಿನ ಮೇಲೆ ಜಾರದಿರಲು. ತಿವಿಯುವಾಗ ಬೆವರಿದ ಕೈ ಮುಂದಕ್ಕೆ ಜಾರಿದರೆ ಬೆರಳು ಉಳಿಯುವುದಿಲ್ಲ. ಕತ್ತಿಯ ತೂಕ ಕೈಯ ಹತ್ತಿರ ನಿಲ್ಲಲೂ ಅದು ಬೇಕು. ಒರೆಯಿಂದ ಕತ್ತಿ ಎಳೆಯುವ ಮೊದಲು ಎಡಗೈ ಹೆಬ್ಬೆರಳು ತ್ಸುಬಾವನ್ನು ಒಂದಿಷ್ಟು ಮುಂದಕ್ಕೆ ನೂಕುತ್ತದೆ, ಆಗ ಬಿಗಿಯಾಗಿ ಕೂತ ಅಲಗು ಸಡಿಲವಾಗುತ್ತದೆ.

ಶಾಕುದೋ ಪ್ರಿಯೆ (ಬಾಸ್ಟನ್)

ಹಳೆ ಕಬ್ಬಿಣ ಸರ್ ಹೇಳಿದ ಅರ್ಧ ಒಪ್ಪುತ್ತೇನೆ. ಕಟ್ಟು ಬೇಡ, ಸೋತೆನ್ ಬೇಡ, ಸರಿ. ಆದರೆ ಹೊಸಬರನ್ನೆಲ್ಲ ಕಬ್ಬಿಣದ ಕಡೆಗೇ ತಳ್ಳುವ ಅವರ ಅಭ್ಯಾಸ ಸರಿಯಲ್ಲ. ತ್ಸುಬಾ ಎಂದರೆ ಕಬ್ಬಿಣವಷ್ಟೇ ಅಲ್ಲ.

ಇಲ್ಲಿನ ಲಲಿತಕಲಾ ಸಂಗ್ರಹಾಲಯದಲ್ಲಿ ವಿಲಿಯಂ ಸ್ಟರ್ಜಿಸ್ ಬಿಗೆಲೋ ಜಪಾನಿನಿಂದ ತಂದ ದೊಡ್ಡ ಸಂಗ್ರಹವಿದೆ. ಅಲ್ಲಿ ನಾನು ಮೊದಲ ಸಲ ಶಾಕುದೋ ನೋಡಿದೆ. ತಾಮ್ರಕ್ಕೆ ನೂರರಲ್ಲಿ ಮೂರರಿಂದ ಐದು ಪಾಲು ಚಿನ್ನ ಬೆರೆಸುತ್ತಾರೆ. ಬೆರೆಸಿದಾಗ ನೋಡಿದರೆ ಸಾದಾ ತಾಮ್ರದಂತೆಯೇ ಇರುತ್ತದೆ. ತುರಿದ ಮೂಲಂಗಿಯ ರಸ ಸವರಿ, ರೋಕುಶೋ ಎಂಬ ತಾಮ್ರದ ಲವಣದ ನೀರಿನಲ್ಲಿ ಕುದಿಸಿದಾಗ ನೀಲಿ ಛಾಯೆಯ ಕಪ್ಪು ಮೇಲೇಳುತ್ತದೆ. ನೆನೆದ ಕಾಗೆಯ ರೆಕ್ಕೆಯ ಬಣ್ಣ ಎಂದು ಅವರು ಹೇಳುತ್ತಾರೆ. ನಮ್ಮೂರಿನ ಮಳೆಗಾಲದಲ್ಲಿ ತೆಂಗಿನ ಗರಿಯ ಮೇಲೆ ಕೂತ ಕಾಗೆಯನ್ನು ನೋಡಿದವರಿಗೆ ಬೇರೆ ವಿವರಣೆ ಬೇಡ. ಆ ಕಪ್ಪಿನ ಮೇಲೆ ಮೀನಿನ ಮೊಟ್ಟೆಯಂತೆ ಸಾಲುಸಾಲಾಗಿ ಕಾಳು ಒತ್ತುತ್ತಾರೆ, ಅದು ನನಾಕೋ. ಒಂದೊಂದು ಕಾಳನ್ನೂ ಒಂದೊಂದೇ ಏಟಿನಲ್ಲಿ ಒತ್ತಬೇಕು, ಸಾಲು ಒಂದು ಕೂದಲಷ್ಟು ಸೊಟ್ಟಗಾದರೂ ಎದ್ದು ಕಾಣುತ್ತದೆ.

ಗೋತೋ ಮನೆತನ ಐದು ಹೆಜ್ಜೆ ಮುಂದಿಟ್ಟ ಕಲೆ ಇದು. ಗೋತೋ ಯೂಜೋ (1440–1512) ಕಾಲದಿಂದ ಆ ಮನೆಯವರು ಆಳುವವರ ಆಶ್ರಯದಲ್ಲಿ ಕೆತ್ತುತ್ತಾ ಬಂದರು. ಯೊಕೊಯಾ ಸೋಮಿನ್ (1670–1733) ಆ ಅರಮನೆಯ ಕಟ್ಟಳೆಯಿಂದ ಹೊರಬಂದು ಪೇಟೆಯ ಕೆತ್ತನೆಗಾರನಾದ. ಇದನ್ನೆಲ್ಲ ನೋಡದೆ ಬರೀ ಕಬ್ಬಿಣ ಎನ್ನುವುದು, ಕ್ಷಮಿಸಿ, ನನಗೆ ಅರ್ಥವಾಗುವುದಿಲ್ಲ.

ಹಳೆ ಕಬ್ಬಿಣ (ಬೆಂಗಳೂರು)

ಶಾಕುದೋ ಚಂದವಿಲ್ಲ ಎಂದು ನಾನೆಲ್ಲಿ ಹೇಳಿದೆ? 70,000 ಯೆನ್‌ಗೆ ಒಳ್ಳೆಯ ಶಾಕುದೋ ತ್ಸುಬಾ ಬರುವುದಿಲ್ಲ ಎಂಬುದಷ್ಟೇ ನನ್ನ ವಾದ. ಆ ಬೆಲೆಗೆ ಸಿಗುವುದು ಸವೆದ ನನಾಕೋ, ಉದುರಿದ ಚಿನ್ನ. ಅದೇ ಹಣಕ್ಕೆ ಕಬ್ಬಿಣದಲ್ಲಿ ತಲೆಯೆತ್ತಿ ತೋರಿಸುವಂಥದ್ದು ಸಿಗುತ್ತದೆ. ಗೋತೋ ಹೆಸರು ತೆಗೆದಿರಿ. ಅವರು ಹೆಚ್ಚಾಗಿ ಮಾಡಿದ್ದು ಒರೆಯ ಪಕ್ಕದ ಕಿರುಚೂರಿಯ ಹಿಡಿ, ಕೋಗಾಯ್ (ಒರೆಯ ಪಕ್ಕದಲ್ಲಿ ಇಡುವ, ಕೂದಲು ಸರಿಮಾಡುವ ಕಡ್ಡಿ), ಮೆನುಕಿ (ಕತ್ತಿ ಹಿಡಿಯ ಮೇಲಿನ ಸಣ್ಣ ಅಲಂಕಾರ). ತ್ಸುಬಾ ಅವರ ಕೈಯಿಂದ ಬಂದದ್ದು ಕಡಿಮೆ.

ಶಾಕುದೋ ಪ್ರಿಯೆ (ಬಾಸ್ಟನ್)

ಅದು ಸರಿ, ಒಪ್ಪಿದೆ. ಬೆಲೆಯ ಮಾತೂ ಸರಿ. ಹಾಗಿದ್ದರೆ ಹಾರಂಗಿಯವರೇ, ವಾಕಿಜಾಶಿ ಅಳತೆಯದ್ದನ್ನು ನೋಡಿ. ದೊಡ್ಡ ಕತ್ತಿಯ ತ್ಸುಬಾ ಸಾಮಾನ್ಯವಾಗಿ ಏಳೂವರೆಯಿಂದ ಎಂಟು ಸೆಂ.ಮೀ., ಚಿಕ್ಕ ಕತ್ತಿಯದ್ದು ಆರರಿಂದ ಆರೂವರೆ. ಚಿಕ್ಕದಕ್ಕೆ ಬೇಡಿಕೆ ಕಡಿಮೆ, ಹಾಗಾಗಿ ಅದೇ ಹಣಕ್ಕೆ ಕೆಲಸ ಹೆಚ್ಚು ಸಿಗುತ್ತದೆ.

ಧಾರವಾಡದ ಶ್ರಾವಣ

ಶಾಕುದೋ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ಕೊಳ್ಳುವವರು ದಯವಿಟ್ಟು ಪೂರ್ತಿ ಓದಿ.

ಹನ್ನೊಂದು ವರ್ಷದ ಹಿಂದೆ ಕ್ಯೋಟೋದಿಂದ ಒಂದು ಶಾಕುದೋ ತ್ಸುಬಾ ತಂದೆ. ಚಿಕ್ಕದು, ಅಂಚಿನಲ್ಲಿ ಎರಡು ಸೇವಂತಿಗೆ, ಅಷ್ಟೇ. ಎರಡು ತಿಂಗಳ ಸಂಬಳ ಕೊಟ್ಟಿದ್ದೆ. ಆಯುಧಪೂಜೆಯ ದಿನ ನಾನು ಊರಿನಲ್ಲಿರಲಿಲ್ಲ. ಅವ್ವ ನನ್ನ ಕಪಾಟಿನಿಂದ ಅದನ್ನು ತೆಗೆದಿದ್ದಾಳೆ, ಮಗನ ಕತ್ತಿಯ ಸಾಮಾನು, ಪೂಜೆಗೆ ಇಡದಿದ್ದರೆ ಹೇಗೆ ಎಂದು. ಇಡುವ ಮೊದಲು ದೀಪ, ತಂಬಿಗೆ, ಆರತಿ ತಟ್ಟೆಯ ಜೊತೆ ಅದನ್ನೂ ಹುಣಸೆಹಣ್ಣು ಮತ್ತು ಉಪ್ಪು ಹಚ್ಚಿ ತಿಕ್ಕಿದ್ದಾಳೆ. ನಾನು ಬಂದಾಗ ದೇವರ ಮುಂದೆ ಹೊಸ ತಾಮ್ರದ ಬಿಲ್ಲೆಯಂತೆ ಹೊಳೆಯುತ್ತಿತ್ತು. ಸೇವಂತಿಗೆಗೂ ನೆಲಕ್ಕೂ ವ್ಯತ್ಯಾಸವೇ ಇರಲಿಲ್ಲ. "ಎಷ್ಟು ಕಪ್ಪಾಗಿತ್ತಪ್ಪ, ಎಷ್ಟು ವರ್ಷ ಆಗಿತ್ತೋ ತೊಳೆದು" ಎಂದಳು.

ಅವಳಿಗೆ ನಾನು ಏನನ್ನೂ ಹೇಳಲಿಲ್ಲ. ತಪ್ಪು ನನ್ನದೇ, ಆ ಕಪ್ಪು ಕೊಳೆಯಲ್ಲ ಎಂದು ಮನೆಯಲ್ಲಿ ಒಂದು ದಿನವೂ ಕೂರಿಸಿ ತೋರಿಸಿರಲಿಲ್ಲ. ಅವ್ವ ಈಗಿಲ್ಲ. ತ್ಸುಬಾ ಇದೆ. ಜಪಾನಿನಲ್ಲಿ ಮತ್ತೆ ಬಣ್ಣ ಬರಿಸುವವರಿದ್ದಾರೆ, ಕಳುಹಿಸಿ ಎಂದು ಹಲವರು ಹೇಳಿದರು. ಕಳುಹಿಸಿಲ್ಲ. ಕಳುಹಿಸುವುದೂ ಇಲ್ಲ.

ಮೈಸೂರು ಮಂದಾರ

ಓದಿ ಸುಮ್ಮನೆ ಕೂತೆ. ನಮ್ಮ ಮನೆಯ ಹಳೆಯ ಪಂಚಲೋಹದ ಮೂರ್ತಿಯನ್ನೂ ನಾವು ಹೀಗೆಯೇ ತಿಕ್ಕುತ್ತೇವೆ.

ಬೀದರಿನ ಕುಲುಮೆ

ಶ್ರಾವಣ ಅವರೇ, ನಿಮ್ಮ ಅವ್ವ ಮಾಡಿದ್ದನ್ನು ನಮ್ಮ ಬಿದರಿ ಕೊಂಡವರು ಪ್ರತಿ ದೀಪಾವಳಿಗೂ ಮಾಡುತ್ತಾರೆ. ಬೆಳ್ಳಿ ಹೊಳೆಯಲಿ ಎಂದು ಹುಣಸೆ, ನಿಂಬೆ, ಬೂದಿ ಹಾಕಿ ತಿಕ್ಕಿ, ಕಪ್ಪೆಲ್ಲ ಹೋದ ಮೇಲೆ "ನಿಮ್ಮ ಬಣ್ಣ ಗಟ್ಟಿಯಿಲ್ಲ" ಎಂದು ನಮಗೇ ತಂದು ತೋರಿಸುತ್ತಾರೆ.

ಈ ಎರಡು ಕೆಲಸಗಳ ನಂಟು ನನಗೆ ಬಹಳ ದಿನದಿಂದ ಕಾಡುತ್ತಿದೆ. ನಮ್ಮದು ಸತುವಿಗೆ ತಾಮ್ರ ಬೆರೆಸಿದ್ದು, ಹೆಚ್ಚುಕಡಿಮೆ ಹದಿನಾರು ಪಾಲಿಗೆ ಒಂದು ಪಾಲು. ಎರಕದ ಲೋಹ ಬೆಳ್ಳಗೇ ಇರುತ್ತದೆ. ಬೆಳ್ಳಿ ಕೂರಿಸಿ ಎಲ್ಲ ಮುಗಿದ ಮೇಲೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಸಾಮಾನಿಗೆ ಹಚ್ಚುತ್ತೇವೆ. ಸತುವಿನ ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಶಾಕುದೋದಲ್ಲಿ ತಾಮ್ರ ಕಪ್ಪಾಗುತ್ತದೆ, ಚಿನ್ನದ ಹೂವು ಹಾಗೆಯೇ ಉಳಿಯುತ್ತದೆ. ಲೋಹ ಬೇರೆ, ನೀರು ಬೇರೆ, ಬುದ್ಧಿ ಒಂದೇ. ಬಣ್ಣ ಮೇಲಿನಿಂದ ಬಳಿದದ್ದಲ್ಲ, ಲೋಹವೇ ಬಿಟ್ಟುಕೊಟ್ಟದ್ದು. ಆದ್ದರಿಂದ ತಿಕ್ಕಿದರೆ ಹೋಗುವುದು ಕೊಳೆಯಲ್ಲ, ಸಾಮಾನಿನ ಚರ್ಮ.

ತಂತಿ ಕೂರಿಸುವ ನಮ್ಮ ತಾರಕಶಿಯಲ್ಲಿ ಮೊದಲು ಉಳಿಯಿಂದ ಗೀರು ತೋಡಿ, ಅದರೊಳಗೆ ಬೆಳ್ಳಿ ತಂತಿ ಬಡಿಯುತ್ತೇವೆ. ಜಪಾನಿನವರ ನುನೊಮೆ ಕೆಲಸ ಹಾಗಲ್ಲ. ಕಬ್ಬಿಣದ ಮೈಮೇಲೆ ಬಟ್ಟೆಯ ನೇಯ್ಗೆಯಂತೆ ಅಡ್ಡ ಉದ್ದ ಸಣ್ಣ ಗೆರೆ ಹೊಡೆದು, ಅದರ ಮೇಲೆ ಚಿನ್ನದ ತೆಳು ತಗಡನ್ನು ಒತ್ತುತ್ತಾರೆ. ಅದು ಉತ್ತರ ಭಾರತದ ಕತ್ತಿ ಹಿಡಿಗಳ ಕೋಫ್ತಗರಿಗೆ ಹತ್ತಿರ. ಕೊಳ್ಳುವಾಗ ಇದನ್ನು ನೋಡಿ: ಚಿನ್ನ ಉದುರಿದ ಜಾಗದಲ್ಲಿ ಆ ನೇಯ್ಗೆಯ ಗೆರೆ ಕಾಣುತ್ತದೆಯೇ? ಕಂಡರೆ ಕೈಕೆಲಸ. ಕಾಣದೆ ನುಣ್ಣಗಿದ್ದರೆ ಚಿನ್ನದ ಬಣ್ಣ ಬಳಿದಿದ್ದಾರೆ.

ಹಾರಂಗಿ (ನಗೋಯಾ)

ಕೊನೆಯ ಸಾಲಿಗೆ ಕೈಮುಗಿಯುತ್ತೇನೆ. ಸಂತೆಯ ಸೋತೆನ್ ಚಿತ್ರವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದೆ. ವೀರನ ಭುಜದ ಮೇಲೆ ಚಿನ್ನ ಹೋದ ಜಾಗ ನುಣ್ಣಗಿದೆ.

ಹಳೆ ಕಬ್ಬಿಣ (ಬೆಂಗಳೂರು)

ಅಲ್ಲಿಗೆ ಮುಗಿಯಿತು. ಬೀದರಿನವರಿಗೆ ನನ್ನದೂ ನಮಸ್ಕಾರ.

ಉಕ್ಕು

ಯಾರೂ ಹೇಳದ ಮಾತೊಂದು. ಎಚಿಜೆನ್ ಯಾಸುತ್ಸುಗು ಎಂಬ ಕಮ್ಮಾರ 17ನೆಯ ಶತಮಾನದಲ್ಲಿ ನಂಬನ್ ಕಬ್ಬಿಣದಿಂದ, ಅಂದರೆ ಹೊರದೇಶದಿಂದ ಬಂದ ಕಬ್ಬಿಣದಿಂದ, ಮಾಡಿದ್ದು ಎಂದು ಕತ್ತಿಯ ಮೇಲೆ ಹೆಮ್ಮೆಯಿಂದ ಕೆತ್ತುತ್ತಿದ್ದ. ಆಗಿನ ಕಾಲಕ್ಕೆ ಲೋಕಕ್ಕೆಲ್ಲ ಒಳ್ಳೆಯ ಉಕ್ಕು ಹೋಗುತ್ತಿದ್ದುದು ದಕ್ಷಿಣ ಭಾರತದಿಂದ. ಆ ಉಕ್ಕಿಗೆ ಇಂಗ್ಲಿಷಿನಲ್ಲಿರುವ ವೂಟ್ಜ್ ಎಂಬ ಪದವೇ ನಮ್ಮ ‘ಉಕ್ಕು’ ಎಂಬ ಪದದಿಂದ ಹುಟ್ಟಿತು ಎನ್ನುತ್ತಾರೆ. ಹಾಗಾದರೆ ಜಪಾನಿನ ತ್ಸುಬಾಗಳಲ್ಲಿ ನಮ್ಮ ಮೈಸೂರು ಸೀಮೆಯ ಉಕ್ಕಿದೆ ಎಂದಾಯಿತಲ್ಲವೇ?

ಹಳೆ ಕಬ್ಬಿಣ (ಬೆಂಗಳೂರು)

ಆಗಲಿಲ್ಲ. ನಂಬನ್ ಎಂದರೆ ದಕ್ಷಿಣದ ಅನ್ಯರು. ಪೋರ್ಚುಗೀಸರು, ಡಚ್ಚರು ಹಡಗಿನಲ್ಲಿ ತಂದದ್ದಕ್ಕೆಲ್ಲ ಅದೇ ಹೆಸರು. ಆ ಹಡಗು ಎಷ್ಟೋ ಬಂದರುಗಳನ್ನು ಮುಟ್ಟಿ ಬರುತ್ತಿತ್ತು. ಯಾಸುತ್ಸುಗುವಿನ ಒಂದು ಪದದಿಂದ ಮೈಸೂರಿಗೆ ಹಾರಬೇಡಿ. ನನಗೂ ಹಾಗಿದ್ದರೆ ಸಂತೋಷವೇ, ಆದರೆ ಆಸೆ ಬೇರೆ ಆಧಾರ ಬೇರೆ.

ಉಕ್ಕು

ನಮ್ಮದನ್ನು ಹೇಳಿದರೆ ಮಾತ್ರ ಆಧಾರ ಕೇಳುತ್ತಾರೆ.

ಶಾಕುದೋ ಪ್ರಿಯೆ (ಬಾಸ್ಟನ್)

ಕೇಳಲೇಬೇಕು, ಯಾರದ್ದಾದರೂ. ಆಧಾರವಿರುವ ನಂಟೊಂದು ಹೇಳುತ್ತೇನೆ, ತಿರುಗಿದ ದಿಕ್ಕಿನಲ್ಲಿ: ಡಚ್ಚರು ನಾಗಸಾಕಿಯ ದೆಜಿಮಾದಿಂದ ಜಪಾನಿನ ತಾಮ್ರದ ಸಲಾಕೆಗಳನ್ನು ಕೋರಮಂಡಲಕ್ಕೂ ಸೂರತ್ತಿಗೂ ಹಡಗುಗಟ್ಟಲೆ ತಂದು ಮಾರುತ್ತಿದ್ದರು. 17, 18ನೆಯ ಶತಮಾನದಲ್ಲಿ ಅದು ದೊಡ್ಡ ವ್ಯಾಪಾರ. ಕತ್ತಿಗೆ ಬಂದರೆ, ನಂಬನ್ ಶೈಲಿಯ ತ್ಸುಬಾ ಎಂಬ ಗುಂಪೇ ಇದೆ. ಬಳ್ಳಿಗಳ ಹೆಣಿಗೆಯಲ್ಲಿ ಎದುರುಬದುರು ಡ್ರ್ಯಾಗನ್‌ಗಳಿರುತ್ತವೆ. ಹೊರಗಿನಿಂದ ಬಂದ ವಿನ್ಯಾಸವನ್ನು ಜಪಾನಿನವರು ತಮ್ಮದಾಗಿಸಿಕೊಂಡರು. ಬೆಲೆಯೂ ಹೊಸಬರ ಕೈಗೆಟುಕುವಂಥದ್ದು.

ಕುಡ್ಲದ ಕಡಲು

ಕೊಳ್ಳುವುದರ ಬಗ್ಗೆ ಇಷ್ಟು ಮಾತಾಯಿತು, ಉಳಿಸಿಕೊಳ್ಳುವುದರ ಬಗ್ಗೆ ಯಾರೂ ಹೇಳಲಿಲ್ಲ. ಹಾರಂಗಿ ಎಂಬ ಹೆಸರು ನೋಡಿದರೆ ನೀವು ಕೊಡಗಿನ ಕಡೆಯವರು. ಊರಿಗೆ ತಂದ ಮೇಲೆ ಜೂನ್ ತಿಂಗಳು ಬರುತ್ತದೆ. ನನ್ನ ಆರು ತ್ಸುಬಾಗಳಲ್ಲಿ ಒಂದಕ್ಕೆ ಮೊದಲ ಮಳೆಗಾಲದಲ್ಲೇ ಕೆಂಪು ತುಕ್ಕು ಹಿಡಿಯಿತು. ಕಡಲಿನ ಉಪ್ಪು ಗಾಳಿ ನಮ್ಮ ಮನೆಯೊಳಗೇ ಓಡಾಡುತ್ತದೆ.

ಕಬ್ಬಿಣದ ಕಡುಕಂದು ಬಣ್ಣ ಹಳೆಯ, ಗಟ್ಟಿಯಾದ ತುಕ್ಕು. ಅದು ಒಳಗಿನ ಲೋಹವನ್ನು ಕಾಯುತ್ತದೆ. ಕೆಂಪಗೆ, ಬೆರಳಿಗೆ ಪುಡಿ ಹತ್ತುವಂಥದ್ದು ಬಂದರೆ ಅದು ತಿನ್ನುವ ತುಕ್ಕು. ಅದಕ್ಕೆ ಮರಳು ಕಾಗದ, ತಂತಿ ಕುಂಚ, ಆಮ್ಲ ಯಾವುದೂ ಬೇಡ. ಜಪಾನಿನವರು ದಂತದಿಂದಲೋ ಜಿಂಕೆಯ ಕೊಂಬಿನಿಂದಲೋ ನಿಧಾನವಾಗಿ ಕೆರೆಯುತ್ತಾರೆ. ನಮ್ಮಲ್ಲಿ ಎರಡರ ವ್ಯಾಪಾರಕ್ಕೂ ವನ್ಯಜೀವಿ ಕಾನೂನಿನ ತಡೆಯಿದೆ, ಇರಲೂ ಬೇಕು. ನಾನು ಬಳಸುವುದು ಹರಿತ ಮಾಡಿದ ಬಿದಿರಿನ ಕಡ್ಡಿ ಮತ್ತು ಎಮ್ಮೆಯ ಕೊಂಬಿನ ತುಂಡು. ಒಂದು ಚುಕ್ಕೆಗೆ ಎರಡು ವಾರ ಹಿಡಿದದ್ದಿದೆ. ಆಮೇಲೆ ಒಣ ಹತ್ತಿ ಬಟ್ಟೆಯಿಂದ ಒರೆಸುತ್ತಾ ಇರುವುದು, ದಿನವೂ, ಅಷ್ಟೇ.

ಹಿಡಿಯುವುದು ಅಂಚಿನಲ್ಲಿ ಮಾತ್ರ. ಮುಖಕ್ಕೆ ಬೆರಳು ಸೋಕಿಸಬೇಡಿ, ಬೆವರಿನ ಉಪ್ಪು ಸಾಕು ಹಾಳಾಗಲು. ಕಿರಿ ಎಂಬ ಜಾತಿಯ ಮರದ ಪೆಟ್ಟಿಗೆ ಸಿಕ್ಕರೆ ಅಲ್ಲಿಯೇ ಕೊಂಡು ತನ್ನಿ. ಹಗುರ, ತೇವವನ್ನು ಬೇಗ ಒಳಬಿಡುವುದಿಲ್ಲ. ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಪೂಜೆಗೆ ಇಡುವುದಾದರೆ ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ತ್ಸುಬಾಗೆ ಬೇಡ. ನಾವು ಹಾಗೆಯೇ ಮಾಡುತ್ತೇವೆ.

ಧಾರವಾಡದ ಶ್ರಾವಣ

ಪೆಟ್ಟಿಗೆಗೆ ಹಚ್ಚುವುದು. ಒಳ್ಳೆಯದು ಅನ್ನಿಸಿತು.

ಗಂಟೆಯ ನಾದ

ಎರಕದ್ದೋ ಬಡಿದದ್ದೋ ತಿಳಿಯಲು ಸುಲಭ ಉಪಾಯ: ದಾರದಲ್ಲಿ ತೂಗುಬಿಟ್ಟು ಮರದ ಕಡ್ಡಿಯಿಂದ ಮೆಲ್ಲಗೆ ತಟ್ಟಿ. ಬಡಿದು ಮಾಡಿದ್ದು ಗಂಟೆಯಂತೆ ಉಲಿಯುತ್ತದೆ, ಎರಕದ್ದು ಟಕ್ಕೆಂದು ನಿಲ್ಲುತ್ತದೆ.

ಹಳೆ ಕಬ್ಬಿಣ (ಬೆಂಗಳೂರು)

ಈ ಉಪಾಯವನ್ನು ನಂಬಿ ಮೋಸಹೋದವರನ್ನು ಕಂಡಿದ್ದೇನೆ. ಜಾಲರಿ ಎಷ್ಟಿದೆ, ದಪ್ಪ ಎಷ್ಟಿದೆ ಎಂಬುದರ ಮೇಲೆ ನಾದ ಬದಲಾಗುತ್ತದೆ. ಒಳ್ಳೆಯ ತ್ಸುಬಾದಲ್ಲಿ ಒಂದು ಕೂದಲೆಳೆ ಬಿರುಕಿದ್ದರೂ ನಾದ ಸಾಯುತ್ತದೆ. ಅಂಗಡಿಯಲ್ಲಿ ಹಾಗೆ ತಟ್ಟಲು ಹೋದರೆ ಮುಂದಿನ ಸಲ ಒಳಗೆ ಬಿಡುವುದೂ ಇಲ್ಲ. ಅಯಸ್ಕಾಂತವೂ ಅಷ್ಟೇ: ಈಗಿನ ಅಭ್ಯಾಸದ ಕತ್ತಿಗಳಿಗೆ ಹಾಕುವ ಸತುವಿನ ಮಿಶ್ರಲೋಹದ ತ್ಸುಬಾವನ್ನು ಅದು ಹಿಡಿದುಕೊಡುತ್ತದೆ, ಎರಕದ ಕಬ್ಬಿಣವನ್ನು ಹಿಡಿದುಕೊಡುವುದಿಲ್ಲ.

ನೋಡಬೇಕಾದ್ದು ಜಾಲರಿಯ ಒಳಗೋಡೆ. ಭೂತಗನ್ನಡಿ ಹಿಡಿಯಿರಿ. ಕೈಯಲ್ಲಿ ಕೊರೆದಿದ್ದರೆ ಉಳಿಯ, ಅರದ ಗುರುತು ಇರುತ್ತದೆ, ಮೂಲೆಗಳು ಚೂಪಾಗಿರುತ್ತವೆ. ಎರಕದಲ್ಲಿ ಮೂಲೆಗಳು ಸೋಪಿನಂತೆ ಕರಗಿರುತ್ತವೆ, ಸೂಜಿಮೊನೆಯಷ್ಟು ರಂಧ್ರಗಳು ಕಾಣುತ್ತವೆ, ಅಚ್ಚಿನ ಎರಡು ಭಾಗ ಕೂಡಿದ ಗೆರೆ ಗೋಡೆಯ ನಡುವೆ ಉಳಿದಿರುತ್ತದೆ.

ಆಮೇಲೆ ನಡುವಿನ ರಂಧ್ರ, ನಕಾಗೋ-ಆನಾ. ಅಲಗಿನ ಬುಡ ಅದರೊಳಗೆ ಹೋಗುತ್ತದೆ. ಒಂದು ಕತ್ತಿಯಿಂದ ಇನ್ನೊಂದಕ್ಕೆ ತ್ಸುಬಾ ಬದಲಾದಾಗ ಸಡಿಲಾಗದಂತೆ ಮೇಲೆ ಕೆಳಗೆ ತಾಮ್ರದ ತುಂಡು ಕೂರಿಸುತ್ತಿದ್ದರು. ಸುತ್ತ ಉಳಿಯಿಂದ ಒತ್ತಿ ಬಿಗಿ ಮಾಡಿದ ಗುರುತುಗಳೂ ಇರುತ್ತವೆ. ಅದರ ಸುತ್ತಲಿನ ಮೊಟ್ಟೆಯಾಕಾರದ ಜಾಗದಲ್ಲಿ ವಾಷರ್ ಒರೆಸಿದ ಸವೆತ ಕಾಣಬೇಕು. ಮೂರು ಸಲ ಮದುವೆಯಾದ ತ್ಸುಬಾ ಎಂದು ನನ್ನ ಒಸಾಕಾದ ಗುರು ಹೇಳುತ್ತಿದ್ದರು, ಮೂರು ಕತ್ತಿ ಕಂಡದ್ದು ಎಂಬ ಅರ್ಥದಲ್ಲಿ. ಎಂದೂ ಕತ್ತಿಗೆ ಏರದ ಸಾಚಾ ತ್ಸುಬಾಗಳೂ ಇವೆ, ಹಾಗಾಗಿ ಗುರುತಿಲ್ಲದ ಮಾತ್ರಕ್ಕೆ ನಕಲಿ ಎನ್ನಬೇಡಿ. ಎಲ್ಲವನ್ನೂ ಕೂಡಿಸಿ ನೋಡಬೇಕು.

ಇನ್ನೊಂದು ಎಚ್ಚರಿಕೆ. ಹೆಸರಾಂತ ಕತ್ತಿವೀರ ಮಿಯಾಮೊತೊ ಮುಸಾಶಿಯದ್ದು ಎಂದು ಎರಡು ಉದ್ದ ಸಂದುಗಳಿರುವ ನಮಾಕೋ ತ್ಸುಬಾ ಎಲ್ಲ ಕಡೆ ಕಾಣುತ್ತದೆ. ಮುಸಾಶಿ ಕೊನೆಯ ವರ್ಷಗಳನ್ನು ಕುಮಾಮೊತೊದಲ್ಲಿ ಕಳೆದು 1645ರಲ್ಲಿ ತೀರಿಕೊಂಡದ್ದು ನಿಜ. ಆದರೆ ಈಗ ಸಂತೆಯಲ್ಲಿ ಸಿಗುವವು ಅಭ್ಯಾಸದ ಕತ್ತಿಗಾಗಿ ಕಾರ್ಖಾನೆಯಲ್ಲಿ ಮಾಡಿದವು. ಹುಳಿ ನೀರಿನಲ್ಲಿ ಅದ್ದಿ ತುಕ್ಕು ಬರಿಸಿ ಹಳೆಯದೆಂದು ಮಾರುತ್ತಾರೆ.

ಹಾರಂಗಿ (ನಗೋಯಾ)

ಪ್ರಮಾಣಪತ್ರವನ್ನು ಎಷ್ಟು ನಂಬಬಹುದು?

ಶಾಕುದೋ ಪ್ರಿಯೆ (ಬಾಸ್ಟನ್)

ಕೊಡುವುದು 1948ರಲ್ಲಿ ಶುರುವಾದ ಜಪಾನೀ ಕಲಾ ಖಡ್ಗ ಸಂರಕ್ಷಣಾ ಸಂಘ. ಈಗಿನ ಕ್ರಮದಲ್ಲಿ ಹೋಜೋನ್ ಮೊದಲ ಮೆಟ್ಟಿಲು, ಆಮೇಲೆ ತೊಕುಬೆತ್ಸು ಹೋಜೋನ್, ಅದರ ಮೇಲೆ ಜೂಯೋ, ತೊಕುಬೆತ್ಸು ಜೂಯೋ. 1982ಕ್ಕೆ ಮೊದಲಿನ ಕಿಚೋ ಪತ್ರಗಳನ್ನು ತೋರಿಸಿ ಯಾರಾದರೂ ಬೆಲೆ ಏರಿಸಿದರೆ ಒಪ್ಪಬೇಡಿ. ಅವುಗಳನ್ನು ಅನುಭವಿಗಳು ಈಗ ಪೂರ್ತಿ ನೆಚ್ಚುವುದಿಲ್ಲ. ಪತ್ರದಲ್ಲಿ ತ್ಸುಬಾದ ಚಿತ್ರವಿರುತ್ತದೆ. ಅಂಗಡಿಯಲ್ಲೇ ಎರಡನ್ನೂ ಪಕ್ಕಪಕ್ಕ ಇಟ್ಟು, ಒಂದೊಂದು ಸವೆತವನ್ನೂ ಹೋಲಿಸಿ ನೋಡಿ. ಪತ್ರ ಒಂದರದ್ದು, ಸಾಮಾನು ಇನ್ನೊಂದು ಎಂಬ ಮೋಸ ನನ್ನ ಸ್ನೇಹಿತೆಗೇ ಆಗಿದೆ.

ಕಾನೂನು ಕಟ್ಟೆ

ಊರಿಗೆ ತರುವ ವಿಷಯ. ಜಪಾನಿನಿಂದ ಹಳೆಯ ಅಲಗನ್ನು ಹೊರಗೆ ಒಯ್ಯಲು ಅಲ್ಲಿನ ಸಾಂಸ್ಕೃತಿಕ ಇಲಾಖೆಯ ಅನುಮತಿ ಬೇಕು. ಬಿಡಿ ತ್ಸುಬಾಗೆ ಅಲಗಿನ ನೋಂದಣಿಯ ಗೊಡವೆ ಇಲ್ಲ. ನಮ್ಮಲ್ಲೂ ಶಸ್ತ್ರಾಸ್ತ್ರ ನಿಯಮ ನೋಡುವುದು ಅಲಗನ್ನು, ಬಿಲ್ಲೆಯನ್ನಲ್ಲ. ಆದರೂ ವಿಮಾನದಲ್ಲಿ ಬರುವಾಗ ಅಂಗಡಿಯ ರಸೀದಿ, ಪ್ರಮಾಣಪತ್ರ ಕೈಯಲ್ಲಿರಲಿ, ಕಸ್ಟಮ್ಸ್‌ನಲ್ಲಿ ಘೋಷಿಸಿ.

ಬಹಳ ಜನ ಮರೆಯುವುದು ಇದು: 1972ರ ಪುರಾತನ ವಸ್ತುಗಳ ಕಾಯ್ದೆಯಡಿ ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಇಲ್ಲಿ ಇಳಿದ ಮೇಲೆ ಮತ್ತೆ ಜಪಾನಿನ ಹರಾಜಿಗೆ ಹಾಕುತ್ತೇನೆ ಎಂದು ಲೆಕ್ಕ ಹಾಕಿ ಕೊಳ್ಳಬೇಡಿ. ಹೊರಗಿನಿಂದ ತಂದದ್ದಕ್ಕೆ ದಾಖಲೆ ಇಲ್ಲದಿದ್ದರೆ ತೊಂದರೆ ಇನ್ನೂ ಹೆಚ್ಚು.

ಉಕ್ಕು

ಇಷ್ಟು ಚಂದದ ವಸ್ತುಗಳನ್ನು ಜಪಾನಿನವರು ಬಿಡಿಬಿಡಿಯಾಗಿ ಮಾರಿದ್ದಾದರೂ ಏಕೆ? ಕತ್ತಿಯ ಜೊತೆಗೇ ಇರಬೇಕಾದದ್ದಲ್ಲವೇ?

ಶಾಕುದೋ ಪ್ರಿಯೆ (ಬಾಸ್ಟನ್)

1876ರಲ್ಲಿ ಸರ್ಕಾರ ಸಾರ್ವಜನಿಕವಾಗಿ ಕತ್ತಿ ಕಟ್ಟುವುದನ್ನು ನಿಲ್ಲಿಸಿತು. ಒಂದೇ ಆಜ್ಞೆಗೆ ಸಾವಿರಾರು ಕೆತ್ತನೆಗಾರರ ಗಿರಾಕಿಗಳೇ ಇಲ್ಲವಾದರು, ಸಮುರಾಯಿಗಳ ಸಂಬಳವೂ ಹೋಯಿತು. ಮನೆಯಲ್ಲಿದ್ದ ಕತ್ತಿಯ ಸಾಮಾನನ್ನು ಅಕ್ಕಿಗಾಗಿ ಮಾರಿದರು, ಯುರೋಪು ಅಮೆರಿಕದವರು ಪೆಟ್ಟಿಗೆಗಟ್ಟಲೆ ಕೊಂಡೊಯ್ದರು. ಕಾನೋ ನತ್ಸುವೊ (1828–1898) ಎಂಬ ಮಹಾ ಕೆತ್ತನೆಗಾರ ಹೊಸ ಸರ್ಕಾರದ ನಾಣ್ಯಗಳಿಗೆ ಮಾದರಿ ಕೆತ್ತಿ ಬದುಕಿದ. ಹಾಗೆ ದಾರಿ ಸಿಕ್ಕವರು ಕೆಲವರು. ಉಳಿದವರು ಹೂದಾನಿ, ಸಿಗರೇಟು ಡಬ್ಬಿ ಮಾಡಿದರು. ನಾವು ಇವತ್ತು ಚಿಕ್ಕ ಬೆಲೆಗೆ ಕೊಳ್ಳುವ ಒಂದೊಂದು ತ್ಸುಬಾದ ಹಿಂದೆಯೂ ಮುರಿದ ಒಂದು ಮನೆಯಿದೆ. ನನಗೆ ಅದನ್ನು ಕೈಗೆ ತೆಗೆದುಕೊಂಡಾಗಲೆಲ್ಲ ನೆನಪಾಗುತ್ತದೆ.

ಬೀದರಿನ ಕುಲುಮೆ

ಸಿಗರೇಟು ಡಬ್ಬಿ. ನಮ್ಮ ಅಜ್ಜನೂ ಹುಕ್ಕಾ ಬುಡ ಬಿಟ್ಟು ಬೂದಿಬಟ್ಟಲು ಮಾಡಲು ಕೂತದ್ದು ಹೀಗೆಯೇ.

ಹಾರಂಗಿ (ನಗೋಯಾ)

ನಿನ್ನೆ ಶನಿವಾರ ಮೂರನೆಯ ಸಲ ಆ ಅಂಗಡಿಗೆ ಹೋದೆ. ಅಂಗಡಿಯ ಅಜ್ಜ ಈ ಸಲ ಚಹಾ ಕೊಟ್ಟರು. ಭೂತಗನ್ನಡಿಯನ್ನು ನಾನು ಕೇಳುವ ಮೊದಲೇ ಮುಂದಿಟ್ಟರು.

7.7 ಸೆಂ.ಮೀ. ಅಡ್ಡಳತೆ, 5 ಮಿ.ಮೀ. ದಪ್ಪ. ನಾಲ್ಕು ಬಾತುಗಳು. ಜಾಲರಿಯ ಒಳಗೋಡೆಯಲ್ಲಿ ಅರದ ಗೆರೆಗಳಿವೆ, ಒಂದು ರೆಕ್ಕೆಯ ತುದಿಯಲ್ಲಿ ಉಳಿ ಜಾರಿದ ಸಣ್ಣ ಗಾಯವಿದೆ. ನಕಾಗೋ-ಆನಾದಲ್ಲಿ ಮೇಲೊಂದು ಕೆಳಗೊಂದು ತಾಮ್ರ. ಅಂಚಿನಲ್ಲಿ ಹೆಬ್ಬೆರಳು ಓಡಿಸಿದೆ. ಎರಡು ಕಡೆ ಗಂಟು ಸಿಕ್ಕಿತು. ಪತ್ರದ ಚಿತ್ರದಲ್ಲಿ ಅದೇ ರೆಕ್ಕೆಯ ಅದೇ ಗಾಯ. ಪತ್ರ ಅದನ್ನು ಓವಾರಿ ಎನ್ನುತ್ತದೆ.

ಕೊಂಡೆ. 65,000ಕ್ಕೆ ಕೊಟ್ಟರು, ಕಿರಿ ಪೆಟ್ಟಿಗೆ ಸೇರಿಸಿ. ಸುತ್ತಿ ಕೊಡುವ ಮೊದಲು ಅಜ್ಜ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ನಾನು ಅವಸರ ಮಾಡಲಿಲ್ಲ.

ಒಂದು ಸಂಶಯ. ಪಕ್ಕದ ಎರಡು ಸಂದುಗಳಲ್ಲಿ ಬಲಗಡೆಯದ್ದಕ್ಕೆ ಮೆತ್ತನೆಯ ಬೂದು ಲೋಹ ತುಂಬಿದ್ದಾರೆ, ಸೀಸ ಇರಬೇಕು. ವಿನ್ಯಾಸ ಪೂರ್ತಿ ಕಾಣಲೆಂದು ಅದನ್ನು ತೆಗೆಯಬಹುದೇ?

ಹಳೆ ಕಬ್ಬಿಣ (ಬೆಂಗಳೂರು)

ಮುಟ್ಟಬೇಡಿ. ಕೋಗಾಯ್ ಇಡುವ ಸಂದು ಅದು. ಕೋಗಾಯ್ ಇಲ್ಲದ ಒರೆಗೆ ಈ ತ್ಸುಬಾ ಹಾಕಿಕೊಂಡವರು ಯಾರೋ ತುಂಬಿಸಿದ್ದಾರೆ. ಅದೂ ಅದರ ಕಥೆಯೇ. ಚಿತ್ರ ಹಾಕಿ, ಹಗಲು ಬೆಳಕಿನಲ್ಲಿ, ಓರೆಯಾಗಿ ಹಿಡಿದು, ಎರಡು ಮುಖಗಳದ್ದೂ.

ಕುಡ್ಲದ ಕಡಲು

ಅಂಚಿನದ್ದೂ.